ಗ್ಯಾರೇಜ್ ಕಟ್ಟೆ: ಅಜ್ಜನ ಪಿಕಪ್ಪಿಗೆ ಡಿಸ್ಕ್ ಬ್ರೇಕ್

ಈ ತಿಂಗಳು ಬಂದ ಪತ್ರಗಳಲ್ಲಿ ಒಂದು ಆರು ಪುಟದ್ದು, ಜೊತೆಗೆ ನಾಲ್ಕು ಫೋಟೋ. ಜಾಗ ಜಾಸ್ತಿ ಅದಕ್ಕೇ ಹೋಗಿದೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಬ್ಯಾಟರಿ ಬಗ್ಗೆ ಕೇಳಿದವರಿಗೆ ಮುಂದಿನ ತಿಂಗಳು ಉತ್ತರ.

ಪ್ರಶ್ನೆ: ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟ. ಅಜ್ಜ ಕೊಂಡಿದ್ದ 1953ರ ಷೆವರ್ಲೆ ಅರ್ಧ ಟನ್ ಪಿಕಪ್ ಸುಮಾರು ಮೂವತ್ತು ವರ್ಷ ಕೊಟ್ಟಿಗೆ ಪಕ್ಕದ ತಗಡಿನ ಮಾಡಿನ ಕೆಳಗೆ ನಿಂತಿತ್ತು. ಎರಡು ವರ್ಷದಿಂದ ರಿಪೇರಿ ಮಾಡಿಸಿ ಎಂಜಿನ್ ಚಾಲೂ ಮಾಡಿದ್ದೇವೆ. ಅಮೆರಿಕದಲ್ಲಿರುವ ಮಗ ಕಳೆದ ಸಲ ಬರುವಾಗ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕಿನ ಕಿಟ್ ತಂದ. ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಕಬ್ಬಿಣವೇ ಜಾಸ್ತಿ ಇತ್ತು. ಇಲ್ಲೇ ಹಾಕಿಸಿದೆವು. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಚೆನ್ನಾಗಿದೆ ಅಂತ ಹಳೆಯದನ್ನೇ ಉಳಿಸಿಕೊಂಡೆವು. ಕಾಲಿನ ಬಲಕ್ಕೆ ಸಹಾಯ ಮಾಡುವ ಬೂಸ್ಟರ್ ಹಾಕುವುದಿಲ್ಲ. ಈಗ ಎರಡು ತೊಂದರೆ. ಪೈಪಿನಿಂದ ಎಷ್ಟು ಸಲ ಏರ್ ತೆಗೆದರೂ ಪೆಡಲ್ ಸ್ಪಂಜಿನ ಹಾಗೆ ಇದೆ. ಮುಂದಿನ ಚಕ್ರ ತಣ್ಣಗಿದ್ದಾಗಲೂ ಬಿಗಿ, ಓಡಿದಷ್ಟೂ ಬಿಗಿ ಜಾಸ್ತಿ, ಐದಾರು ಕಿಲೋಮೀಟರ್ ಓಡಿದರೆ ಮುಟ್ಟಲಾಗದಷ್ಟು ಬಿಸಿ, ಸುಟ್ಟ ವಾಸನೆ. ಹೀಗಿಟ್ಟುಕೊಂಡು ಕುಮಟಾ ಕಡೆಗೆ ದೇವಿಮನೆ ಘಟ್ಟ ಇಳಿಸಲು ಧೈರ್ಯ ಇಲ್ಲ. ಸುಮ್ನೆ ಡ್ರಮ್ಮಿಗೇ ವಾಪಸ್ ಹೋಗುವುದು ಒಳ್ಳೆಯದಾ? (ಹೆಸರು ಹಾಕಬೇಡಿ ಎಂದಿದ್ದಾರೆ.)

ಉತ್ತರ: ಮಾರಾಯ್ರೇ, ಸರಿಯಾಗುವ ತನಕ ಗಾಡಿಯನ್ನು ಗೇಟಿನಿಂದ ಹೊರಗೆ ತೆಗೆಯಬೇಡಿ. ಪೇಟೆಗೂ ಬೇಡ.

ಪೆಡಲ್ ಯಾಕೆ ಸ್ಪಂಜಿನ ಹಾಗಿದೆ ಅನ್ನುವುದು ನಿಮ್ಮ ಎರಡನೇ ಫೋಟೋದಲ್ಲೇ ಇದೆ. ಡಿಸ್ಕನ್ನು ಎರಡೂ ಕಡೆಯಿಂದ ಪ್ಯಾಡಿನಲ್ಲಿ ಅಮುಕುವ ಕ್ಯಾಲಿಪರಿನ ಹಿಂಭಾಗದಲ್ಲಿ ಏರ್ ತೆಗೆಯುವ ನಿಪ್ಪಲ್ ಕಾಣುತ್ತದಲ್ಲ, ಅದು ಕೆಳಗಿದೆ. ಮೇಲಿರಬೇಕಿತ್ತು. ಎಡಗಡೆಯ ಕ್ಯಾಲಿಪರ್ ಬಲಕ್ಕೆ, ಬಲಗಡೆಯದು ಎಡಕ್ಕೆ ಕೂತಿದೆ. ಬೋಲ್ಟು ಎರಡೂ ಕಡೆ ಸರಿಯಾಗಿಯೇ ಕೂರುತ್ತವೆ, ಅದೇ ಫಜೀತಿ. ತಂಬಿಗೆಯನ್ನು ಬೋರಲು ಹಾಕಿ ನೀರಿಗೆ ಅದ್ದಿದರೆ ಒಳಗಿನ ಗಾಳಿ ಎಲ್ಲಿ ಹೋಗುತ್ತದೆ? ಎಲ್ಲೂ ಹೋಗುವುದಿಲ್ಲ. ನಿಮ್ಮ ಕ್ಯಾಲಿಪರಿನಲ್ಲೂ ಗಾಳಿ ಹಾಗೇ ಮೇಲೆ ಕೂತಿದೆ. ಕೆಳಗಿನಿಂದ ಒಂದು ಗುಳ್ಳೆಯೂ ಇಲ್ಲದ ಚೊಕ್ಕ ಆಯಿಲ್ ಬರುತ್ತಿದೆ. ನೀವು ಏರ್ ಹೋಯಿತು ಅಂದುಕೊಳ್ಳುತ್ತೀರಿ.

ಇಷ್ಟು ಖಾತ್ರಿಯಾಗಿ ಹೇಳುತ್ತಿದ್ದೇನೆ ಅಂದರೆ, ಇದೇ ಕೆಲಸ ನಾನೂ ಮಾಡಿದ್ದೇನೆ. ಗಿರಾಕಿಯೊಬ್ಬರ ಹಳೇ ಜೀಪಿಗೆ ಡಿಸ್ಕ್ ಹಾಕಿದ ದಿನ. ಬೆಳಿಗ್ಗೆ ಹತ್ತಕ್ಕೆ ಏರ್ ತೆಗೆಯಲು ಕೂತವರು ಸಂಜೆ ನಾಲ್ಕಾದರೂ ಎದ್ದಿರಲಿಲ್ಲ. ಹುಡುಗ ಒಳಗೆ ಕೂತು ಪೆಡಲ್ ಒತ್ತಿ ಒತ್ತಿ ಕಾಲು ನೋವು ಅಂದ. ಅರ್ಧ ಲೀಟರಿನ ಮೂರು ಬಾಟಲಿ ಖಾಲಿ. ನನಗೆ ಮಾಸ್ಟರ್ ಸಿಲಿಂಡರ್ ಮೇಲೆ ಸಂಶಯ, ಅದನ್ನು ಎರಡು ಸಲ ಬಿಚ್ಚಿದೆ. ಕೊನೆಗೆ ನಿಪ್ಪಲಿಗೆ ಸ್ಪ್ಯಾನರ್ ಹಾಕಲು ನೆಲದ ಮೇಲೆ ಅಂಗಾತ ಮಲಗಿದೆ. ಒಂದು ಹನಿ ನೇರ ಹಣೆಗೆ ಬಿತ್ತು. ಆಗ ತಲೆಗೆ ಬಂತು, ಈ ನಿಪ್ಪಲ್ ನೋಡಲು ನಾನು ಯಾಕೆ ಮಲಗಬೇಕು? ಕ್ಯಾಲಿಪರ್ ಅದಲು ಬದಲು ಮಾಡಿದ ಮೇಲೆ ಕಾಲು ಗಂಟೆಯಲ್ಲಿ ಪೆಡಲ್ ಕಲ್ಲಿನ ಹಾಗಾಯಿತು. ಗಿರಾಕಿಗೆ ಈ ಕತೆ ಹೇಳಲಿಲ್ಲ. ಆಯಿಲ್ಲಿನ ದುಡ್ಡೂ ಕೇಳಲಿಲ್ಲ.

ಇನ್ನು ಚಕ್ರ ಕಾಯುವ ವಿಚಾರ. ತೊಂದರೆ ಇರುವುದು ನೀವು ಚೆನ್ನಾಗಿದೆ ಅಂತ ಉಳಿಸಿಕೊಂಡ ಮಾಸ್ಟರ್ ಸಿಲಿಂಡರಿನಲ್ಲಿ. ಅದು ಚೆನ್ನಾಗಿಯೇ ಇರಬಹುದು, ಆದರೆ ಡ್ರಮ್ಮಿಗೆ. ಆ ಕಾಲದ ಸಿಲಿಂಡರಿನ ಬಾಯಲ್ಲಿ ಒಂದು ಸಣ್ಣ ಚೆಕ್ ವಾಲ್ವ್ ಇರುತ್ತದೆ. ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ಸುಮಾರು 10 ಪಿಎಸ್‌ಐ, ಅಂದರೆ ಚದರ ಇಂಚಿಗೆ 10 ಪೌಂಡ್, ಒತ್ತಡ ಉಳಿಸಿಕೊಳ್ಳುವುದು ಅದರ ಕೆಲಸ. ಡ್ರಮ್ಮಿನ ಒಳಮೈಗೆ ಶೂವನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಅಂಚು ಒಳಗೆ ಮುದುಡಿ ಗಾಳಿ ಎಳೆಯದ ಹಾಗೆ ಅದು ಕಾಯುತ್ತದೆ. ಡ್ರಮ್ಮಿನಲ್ಲಿ ಶೂ ಹಿಂದಕ್ಕೆ ಎಳೆಯಲು ಗಟ್ಟಿ ಸ್ಪ್ರಿಂಗ್ ಇದೆ, 10 ಪಿಎಸ್‌ಐ ಅದಕ್ಕೆ ಲೆಕ್ಕವೇ ಅಲ್ಲ. ಡಿಸ್ಕಿನಲ್ಲಿ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಸುತ್ತ ಇರುವ ರಬ್ಬರ್ ಸೀಲ್ ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ, ಅಷ್ಟೇ. ಪಿಸ್ಟನ್ 3 ಇಂಚು ವ್ಯಾಸದ್ದಾದರೆ ಅದರ ಮುಖ ಸುಮಾರು 7 ಚದರ ಇಂಚು, 10 ಪಿಎಸ್‌ಐ ಅಂದರೆ 70 ಪೌಂಡ್, 30 ಕೆಜಿಗಿಂತ ಜಾಸ್ತಿ. ಒಂದು ಅಕ್ಕಿ ಮೂಟೆಯನ್ನು ಪ್ಯಾಡಿನ ಮೇಲೆ ಹೇರಿಕೊಂಡೇ ನೀವು ಪೇಟೆಗೆ ಹೋಗಿ ಬರುತ್ತಿದ್ದೀರಿ. ಕಾಯದೆ ಇನ್ನೇನು?

ಆದರೆ ಓಡಿದಷ್ಟೂ ಬಿಗಿ ಜಾಸ್ತಿಯಾಗುತ್ತದೆ ಅಂತಲೂ ಬರೆದಿದ್ದೀರಿ. ಅದಕ್ಕೆ ಇನ್ನೊಂದು ಕಾರಣ ಇರುವ ಹಾಗಿದೆ. ಪೆಡಲಿನಿಂದ ಸಿಲಿಂಡರಿಗೆ ಹೋಗುವ ಪುಶ್ ರಾಡಿಗೆ ಸ್ವಲ್ಪವಾದರೂ ಆಟ, ಅಂದರೆ ಸಡಿಲ, ಇರಬೇಕು, ಒಂದು ಒಂದೂವರೆ ಮಿಲಿಮೀಟರ್. ಆಟವೇ ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ. ಆಯಿಲ್ ಡಬ್ಬಿಗೆ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಕೊಂಡೇ ಇರುತ್ತದೆ. ಬಿಸಿಗೆ ಹಿಗ್ಗಿದ ಆಯಿಲ್ಲಿಗೆ ದಾರಿ ಇಲ್ಲ. ಅದು ಪ್ಯಾಡ್ ಒತ್ತುತ್ತದೆ, ಒತ್ತಿದ್ದಕ್ಕೆ ಇನ್ನಷ್ಟು ಬಿಸಿ.

ಊಹೆ ಮೇಲೆ ಸಾಮಾನು ತರಿಸಬೇಡಿ, ಪರೀಕ್ಷೆ ಮಾಡಿ. ಅಂಗಳದಲ್ಲೇ ಹಿಂದಿನ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ, ಸ್ಟ್ಯಾಂಡ್ ಇಡಿ. ಚಕ್ರ ಬಿಗಿ ಇರುವಾಗ ಮೊದಲು ಮಾಸ್ಟರ್ ಸಿಲಿಂಡರಿನ ಹತ್ತಿರದ ಪೈಪ್ ನಟ್ಟು ಸಡಿಲ ಮಾಡಿ. ಚಕ್ರ ಹಗುರಾಯಿತಾ? ಹಾಗಾದರೆ ತಪ್ಪು ಸಿಲಿಂಡರಿನದ್ದು ಅಥವಾ ಪುಶ್ ರಾಡಿನದ್ದು. ಆಗಲಿಲ್ಲವಾ? ಚಕ್ರದ ಹತ್ತಿರದ ನಿಪ್ಪಲ್ ಬಿಚ್ಚಿ. ಈಗ ಹಗುರಾದರೆ ನಡುವಿನ ರಬ್ಬರ್ ಹೋಸ್ ಒಳಗೆ ಊದಿಕೊಂಡಿದೆ. ಹೊರಗಿನಿಂದ ಅದು ಹೊಸದರ ಹಾಗೇ ಕಾಣುತ್ತದೆ. ಇಷ್ಟಾದ ಮೇಲೂ ಬಿಗಿ ಇದ್ದರೆ ಆಯಿಲ್ಲಿನದ್ದು ತಪ್ಪಲ್ಲ. ಕ್ಯಾಲಿಪರ್ ಜಾರುವ ಪಿನ್ನು ಅಥವಾ ಪಿಸ್ಟನ್ ಹಿಡಿದಿರಬೇಕು, ಇಲ್ಲವೇ ಬೇರಿಂಗ್ ಬಿಗಿಯಾಗಿರಬೇಕು. ಪ್ಯಾಡ್ ಸ್ವಲ್ಪ ಸವರಿದ ಸದ್ದು ಬರುವುದು ಸಹಜ, ಅದಕ್ಕೆ ಹೆದರಬೇಡಿ.

ಬೇರಿಂಗ್ ಅಂದಾಗ ನೆನಪಾಯಿತು. ನಿಮ್ಮ ಗಾಡಿಯ ಹಳೇ ಹಬ್ಬಿನಲ್ಲಿ ಇದ್ದದ್ದು ಬಾಲ್ ಬೇರಿಂಗ್. ಇಂಥ ಕಿಟ್ಟಿನಲ್ಲಿ ಬರುವುದು ಟೇಪರ್ ರೋಲರ್. ಅದನ್ನು ಕೈಗೆ ಸಿಕ್ಕಷ್ಟು ಬಲ ಹಾಕಿ ಬಿಗಿದು ಬಿಡುವ ಹಾಗಿಲ್ಲ. ಚಕ್ರ ತಿರುಗಿಸುತ್ತಾ ನಟ್ಟು ಬಿಗಿ ಮಾಡಿ ಕೂರಿಸಿ, ಆಮೇಲೆ ಸಡಿಲ ಮಾಡಿ, ಬೆರಳಿನಲ್ಲಿ ಮತ್ತೆ ತಿರುಗಿಸಿ ನಿಲ್ಲಿಸಿ, ಸ್ಪ್ಲಿಟ್ ಪಿನ್ ಹೊಸದು ಹಾಕಿ. ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕಿಂಗ್ ಪಿನ್ನಿನ ಬುಶ್ ಸವೆದಿದ್ದರೆ ಅದನ್ನೂ ಈಗಲೇ ಮಾಡಿಸಿ. ಬೇರಿಂಗ್ ಸಡಿಲ ಇದ್ದರೆ ಡ್ರಮ್ಮು ಆ ಅಲುಗಾಟ ತಡೆದುಕೊಳ್ಳುತ್ತದೆ. ಡಿಸ್ಕು ಅಲುಗಿದರೆ ಪ್ಯಾಡನ್ನು ಹಿಂದಕ್ಕೆ ತಳ್ಳಿಬಿಡುತ್ತದೆ. ಆಮೇಲೆ ಮೊದಲ ಸಲ ಒತ್ತಿದಾಗ ಪೆಡಲ್ ಅರ್ಧಕ್ಕೆ ಹೋಗುತ್ತದೆ.

ಈಗ ಮಗನಿಗೆ ಫೋನ್ ಮಾಡಿ ಏನೇನು ತರಲು ಹೇಳಬೇಕು? ಎರಡು ಕೋಣೆಯ ಮಾಸ್ಟರ್ ಸಿಲಿಂಡರ್, ಮುಂದೆ ಡಿಸ್ಕ್ ಹಿಂದೆ ಡ್ರಮ್ ಇರುವ ಗಾಡಿಗೆ ಅಂತಲೇ ಮಾಡಿದ್ದು. ನಿಮ್ಮ ಹಳೆಯದರಲ್ಲಿ ಒಂದೇ ಕೋಣೆ. ಎಲ್ಲೇ ಒಂದು ಪೈಪ್ ಒಡೆದರೂ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಅಮೆರಿಕದಲ್ಲೇ ಎಲ್ಲ ಕಾರಿಗೆ ಎರಡು ಕೋಣೆ ಬಂದದ್ದು 1967ರ ಮಾಡೆಲ್ ಹೊತ್ತಿಗೆ. ನಾನಾದರೆ ಡಿಸ್ಕ್ ಇಲ್ಲದಿದ್ದರೂ ಪರವಾಗಿಲ್ಲ, ಮೊದಲು ಇದನ್ನು ಹಾಕುತ್ತಿದ್ದೆ. ಅದು ಕೂರಲು ಬೇಕಾದ ಬ್ರಾಕೆಟ್ ಕೂಡ ತರಲಿ. ಲೇತಿನವರ ಹತ್ತಿರ ಮಾಡಿಸಬಹುದು, ಆದರೆ ಬ್ರೇಕಿನ ಬ್ರಾಕೆಟ್ಟಿಗೆ ಬೆಸುಗೆ ಹಾಕಿಸುವುದು ನನಗೆ ಇಷ್ಟವಿಲ್ಲ.

ಬೂಸ್ಟರ್ ಹಾಕುವುದಿಲ್ಲ ಅಂತ ಬರೆದಿದ್ದೀರಿ. ಹಾಗಾದರೆ ಸಿಲಿಂಡರಿನ ಒಳ ಅಳತೆ 1 ಇಂಚಿನದೇ ತರಿಸಿ. 1⅛ ಇಂಚಿನದು ಹಾಕಿದರೆ ಅದೇ ಒತ್ತಡಕ್ಕೆ ಕಾಲಿನ ಬಲ ಈಗಿಗಿಂತ ನಾಲ್ಕನೇ ಒಂದು ಭಾಗಕ್ಕೂ ಮಿಕ್ಕಿ ಹೆಚ್ಚು ಬೇಕು. ಡ್ರಮ್ಮಿನಲ್ಲಿ ಚಕ್ರದ ತಿರುಗಾಟವೇ ಶೂವನ್ನು ಒಳಗೆ ಎಳೆದುಕೊಂಡು ಸಹಾಯ ಮಾಡುತ್ತಿತ್ತು. ಡಿಸ್ಕಿನಲ್ಲಿ ಆ ಸಹಾಯ ಇಲ್ಲ, ಎಲ್ಲ ನಿಮ್ಮ ಕಾಲಿನದೇ. ಪೆಡಲ್ ತಿರುಗುವ ಪಿನ್ನಿನಿಂದ ಪಾದ ಇಡುವ ಜಾಗಕ್ಕೆ ಎಷ್ಟು, ಅದೇ ಪಿನ್ನಿನಿಂದ ಪುಶ್ ರಾಡಿಗೆ ಎಷ್ಟು ಅಂತ ಟೇಪು ಹಿಡಿದು ಅಳೆಯಿರಿ. ಬೂಸ್ಟರ್ ಇಲ್ಲದ ಗಾಡಿಗೆ ಒಂದಕ್ಕೆ ಆರರಷ್ಟು ಇದ್ದರೆ ಒಳ್ಳೆಯದು.

ನಿಮ್ಮ ಗಾಡಿಯಲ್ಲಿ ಸಿಲಿಂಡರ್ ಇರುವುದು ಡ್ರೈವರ್ ಕಾಲಿನ ಹಲಗೆಯ ಕೆಳಗೆ, ಅಂದರೆ ಕ್ಯಾಲಿಪರಿಗಿಂತ ತಗ್ಗಿನಲ್ಲಿ. ಗಾಡಿ ನಿಂತಾಗ ಆಯಿಲ್ ನಿಧಾನಕ್ಕೆ ಹಿಂದಕ್ಕೆ ಇಳಿದು ಬರುತ್ತದೆ. ಅದಕ್ಕೆ ಮುಂದಿನ ಪೈಪಿಗೆ 2 ಪಿಎಸ್‌ಐ ವಾಲ್ವ್, ಹಿಂದಿನ ಪೈಪಿಗೆ 10 ಪಿಎಸ್‌ಐ ವಾಲ್ವ್ ಬೇರೆ ಬೇರೆ ಹಾಕಬೇಕು. ಎರಡೂ ನೋಡಲು ಒಂದೇ ಥರ, ಅದಲು ಬದಲಾದರೆ ಮತ್ತೆ ಇದೇ ಪತ್ರ ಬರೆಯುತ್ತೀರಿ. ಹೊಸ ಸಿಲಿಂಡರಿನ ಒಳಗೇ ವಾಲ್ವ್ ಇದೆಯಾ ಅಂತಲೂ ಕೇಳಿಕೊಳ್ಳಿ. ಜೊತೆಗೆ ಹಿಂದಿನ ಪೈಪಿಗೆ ಒತ್ತಡ ಕಮ್ಮಿ ಮಾಡುವ, ಕೈಯಲ್ಲಿ ತಿರುಗಿಸುವ ಪ್ರೊಪೋರ್ಷನಿಂಗ್ ವಾಲ್ವ್ ಬೇಕು. ಪಿಕಪ್ಪಿನ ಹಿಂದೆ ಲೋಡಿಲ್ಲದಾಗ ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರ ಮೊದಲು ನಿಂತು ಗಾಡಿ ಅಡ್ಡ ತಿರುಗುತ್ತದೆ. ಮಳೆಗಾಲದ ರಸ್ತೆಯಲ್ಲಿ ಅದನ್ನು ಒಂದು ಸಲ ನೋಡಿದರೆ ಸಾಕು. ಹಿಂದಿನ ಡ್ರಮ್ಮಿನ ಶೂ ಅಡ್ಜಸ್ಟ್ ಮಾಡುವುದನ್ನೂ ಮರೆಯಬೇಡಿ. ಎಷ್ಟೋ ಸಲ ಹೊಸ ಡಿಸ್ಕ್ ಸರಿ ಇಲ್ಲ ಅಂತ ಬೈಸಿಕೊಳ್ಳುತ್ತದೆ, ತಪ್ಪು ಹಿಂದಿನ ಶೂ ದೂರ ಇದ್ದದ್ದು.

ನಾಲ್ಕನೇ ಫೋಟೋದಲ್ಲಿ ಹಳೇ ಚಕ್ರವನ್ನೇ ಹಾಕಿದ್ದೀರಿ. ಕೈಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿ, ರಿಮ್ಮು ಕ್ಯಾಲಿಪರಿಗೆ ಎಲ್ಲೂ ತಾಗಬಾರದು. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಹೋಸ್ ಪೈಪ್ ಎಳೆಯುತ್ತದಾ, ಟೈರಿಗೆ ಉಜ್ಜುತ್ತದಾ ನೋಡಿ.

ಡ್ರಮ್ಮಿಗೇ ವಾಪಸ್ ಹೋಗಲಾ ಅಂತ ಕೇಳಿದ್ದೀರಿ. ಬೇಡ. ಲೆಕ್ಕ ಹೇಳುತ್ತೇನೆ. ಶಿರಸಿ ಇರುವುದು ಸಮುದ್ರಮಟ್ಟಕ್ಕಿಂತ 600 ಮೀಟರಿನ ಆಸುಪಾಸು ಮೇಲೆ, ಕುಮಟಾ ಸಮುದ್ರದ ದಂಡೆಯಲ್ಲಿ. ಲೋಡು ಸೇರಿ ನಿಮ್ಮ ಗಾಡಿ 2,000 ಕೆಜಿ ಅಂತಿಟ್ಟುಕೊಳ್ಳಿ. ಅದನ್ನು ಬರೀ ಬ್ರೇಕ್ ಹಿಡಿದು 400 ಮೀಟರ್ ಕೆಳಗೆ ಇಳಿಸಿದರೆ ಹುಟ್ಟುವ ಬಿಸಿಯಲ್ಲಿ 20 ಲೀಟರಿಗಿಂತ ಜಾಸ್ತಿ ತಣ್ಣೀರು ಕುದಿ ಬರುತ್ತದೆ. ನಮ್ಮ ಬಚ್ಚಲ ಹಂಡೆಯನ್ನು ನೆನೆಸಿಕೊಳ್ಳಿ. ಅಷ್ಟು ನೀರು ಕಾಯಲು ಒಲೆಗೆ ಎಷ್ಟು ಸೌದೆ ತುಂಬುತ್ತೀರಿ? ಆ ಬೆಂಕಿಯೆಲ್ಲ ನಾಲ್ಕು ಡ್ರಮ್ಮಿನ ಒಳಗೆ. ಕಾದ ಡ್ರಮ್ಮು ಹಿಗ್ಗಿ ಶೂವಿನಿಂದ ದೂರ ಹೋಗುತ್ತದೆ, ಬಿಸಿ ಹೊರಹೋಗಲು ದಾರಿ ಇಲ್ಲ. ಡಿಸ್ಕು ಕಾದರೆ ದಪ್ಪವಾಗಿ ಪ್ಯಾಡಿನ ಕಡೆಗೇ ಬರುತ್ತದೆ, ಗಾಳಿಗೂ ತೆರೆದುಕೊಂಡಿದೆ. ಮಳೆಯಲ್ಲಿ ಹಳ್ಳ ದಾಟಿದ ಮೇಲೆ ಡ್ರಮ್ಮಿನೊಳಗೆ ನೀರು ಕೂತು ಬ್ರೇಕ್ ಹಿಡಿಯದೆ ಪರದಾಡಿದ್ದು ನಿಮಗೂ ನೆನಪಿರಬೇಕು. ಡಿಸ್ಕನ್ನು ಪ್ಯಾಡೇ ಒರೆಸಿಬಿಡುತ್ತದೆ.

ನನಗೂ ಆ ಘಟ್ಟದಲ್ಲಿ ಒಂದು ಅನುಭವ ಆಗಿದೆ. ಪ್ರಾಯದಲ್ಲಿ, ಒಂದು ಹಳೇ ವ್ಯಾನಿನ ತುಂಬ ಚಾಲಿ ಅಡಿಕೆ ಚೀಲ ಹೇರಿಕೊಂಡು ಇಳಿಯುತ್ತಿದ್ದೆ. ಅರ್ಧ ದಾರಿಗೆ ಪೆಡಲ್ ಗಟ್ಟಿಯಾಗಿಯೇ ಇದೆ, ಗಾಡಿ ಮಾತ್ರ ನಿಧಾನ ಆಗುತ್ತಿಲ್ಲ. ಒಳಗೆ ಶೂವಿನ ಮೇಲಿನ ಲೈನರ್ ಸುಟ್ಟ ವಾಸನೆ. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದೆ. ಹಾಗೆ ಪೆಡಲ್ ಗಟ್ಟಿ ಇದ್ದು ಗಾಡಿ ನಿಲ್ಲದಿದ್ದರೆ ಲೈನರ್ ಸೋತಿದೆ ಅಂತ ಅರ್ಥ. ಪೆಡಲ್ ಪೂರ್ತಿ ನೆಲಕ್ಕೆ ಹೋದರೆ ಆಯಿಲ್ ಕುದಿದು ಆವಿಯಾಗಿದೆ. ಡಿಸ್ಕ್ ಹಾಕಿದವರಿಗೂ ಎರಡನೆಯದು ಆಗಬಹುದು. ಹಾಗಾಗಿ ಡಿಸ್ಕ್ ಇದೆ ಅಂತ ದೇವಿಮನೆಯಲ್ಲಿ ನ್ಯೂಟ್ರಲ್ ಹಾಕಬೇಡಿ.

ಎಲ್ಲ ಸರಿಯಾದ ಮೇಲೆ ಘಟ್ಟಕ್ಕೆ ಮುಂಚೆ ಸಮತಟ್ಟಾದ ಖಾಲಿ ರಸ್ತೆಯಲ್ಲಿ ಹೊಸ ಪ್ಯಾಡ್ ಪಳಗಿಸಿ. 50ರ ವೇಗದಿಂದ 15ಕ್ಕೆ ಮೆತ್ತಗೆ ಇಳಿಸಿ, ಸ್ವಲ್ಪ ಓಡಿಸಿ ತಣ್ಣಗಾಗಲು ಬಿಡಿ, ಮತ್ತೆ ಇಳಿಸಿ. ಹೀಗೆ ಇಪ್ಪತ್ತು ಸಲ. ಬಿಸಿ ಇರುವಾಗ ಪೆಡಲ್ ಒತ್ತಿಕೊಂಡು ನಿಂತಿರಬೇಡಿ.

ಪ್ರಶ್ನೆ: ಕಾರವಾರದಲ್ಲಿ ನಮ್ಮ ಹತ್ತಿರವೂ 1950ರ ದಶಕದ ಒಂದು ಪಿಕಪ್ ಇದೆ. ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಬಹುದಾ? ಡಿಸ್ಕ್ ಹಾಕಿದರೆ ತೊಂದರೆ ಆಗುತ್ತದಾ?

ಉತ್ತರ: ಕೇಂದ್ರದ ನಿಯಮ 2021ರಲ್ಲಿ ಬಂತು. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಗಾಡಿಗೆ ಅದು ಅನ್ವಯ. ಹೊಸದಾಗಿ ಮಾಡಿಸಲು ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ ಊರ್ಜಿತ, ಆಮೇಲೆ ನವೀಕರಣಕ್ಕೆ 5,000. ನಂಬರಿನಲ್ಲಿ ‘ವಿಎ’ ಅಂತ ಬರುತ್ತದೆ. ಈಗಾಗಲೇ ನಂಬರ್ ಇರುವ ಗಾಡಿ ಹಳೇ ನಂಬರನ್ನೇ ಇಟ್ಟುಕೊಳ್ಳಬಹುದು. ಆದರೆ ಹಾಗೆ ಮಾಡಿಸಿದ ಮೇಲೆ ದಿನನಿತ್ಯ ಓಡಿಸುವ ಹಾಗಿಲ್ಲ, ಬಾಡಿಗೆಗಂತೂ ಇಲ್ಲವೇ ಇಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿ, ಇಂಥವಕ್ಕೆ ಮಾತ್ರ. ಅಡಿಕೆ, ಗೊಬ್ಬರ ಹೇರುವ ಆಸೆ ಇದ್ದರೆ ಬೇಡ.

ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು ಅಂತ ನಿಯಮ ಹೇಳುತ್ತದೆ. ಬ್ರೇಕಿನ ಹೆಸರು ಆ ಸಾಲಿನಲ್ಲಿ ಇಲ್ಲ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬೇರೆ ಇದೆ, ಕಂಪನಿ ಮಾಡಿದ್ದಕ್ಕಿಂತ ಬೇರೆ ಮಾಡುವುದನ್ನು ಅದು ತಡೆಯುತ್ತದೆ. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮುಂಚೆ ಆರ್‌ಟಿಒಗೆ ಅರ್ಜಿ ಕೊಟ್ಟು ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಹಳೇ ಡ್ರಮ್ಮು, ಹಬ್ಬು, ಶೂ, ಕೊನೆಯ ನಟ್ಟಿನವರೆಗೆ ಗ್ರೀಸ್ ಬಳಿದು ಗೋಣಿಯಲ್ಲಿ ಕಟ್ಟಿ ಅಟ್ಟದ ಮೇಲಿಡಿ. ಗುಜರಿಯವರು ಬಂದರೆ ಮನೆಯವರಿಗೆ ಮೊದಲೇ ಹೇಳಿಡಿ.

ಅಂದ ಹಾಗೆ, ಜನರಲ್ ಮೋಟರ್ಸ್ 1928ರಿಂದ 1954ರ ತನಕ ಮುಂಬಯಿಯಲ್ಲಿ ಗಾಡಿ ಜೋಡಿಸುತ್ತಿತ್ತು. ನಮ್ಮ ಉತ್ತರ ಕನ್ನಡ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲೇ ಇತ್ತು. ಇಲ್ಲಿನ ಕೊಟ್ಟಿಗೆಗಳಲ್ಲಿ ಆ ಕಾಲದ ಗಾಡಿ ಇನ್ನೂ ಸಿಗುತ್ತವೆ ಅಂದರೆ ನನಗೇನೂ ಆಶ್ಚರ್ಯ ಇಲ್ಲ.

ಪ್ರಶ್ನೆ: ಅಂಕೋಲೆಯಲ್ಲಿ ಸಮುದ್ರದ ಹತ್ತಿರ ಮನೆ. ಡಿಸ್ಕು ಒಂದೇ ರಾತ್ರಿಗೆ ಕೆಂಪಾಗುತ್ತದೆ. ಬದಲಿಸಬೇಕಾ?

ಉತ್ತರ: ಬೇಡ. ಮೇಲ್ಮೈಯ ತುಕ್ಕು ನಾಲ್ಕು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ. ಎಣ್ಣೆ ಮಾತ್ರ ಹಚ್ಚಬೇಡಿ. ಹೀಗೆ ಹಚ್ಚಿಕೊಂಡು ಬಂದವರನ್ನು ನೋಡಿದ್ದೇನೆ! ಉಪ್ಪುಗಾಳಿಗೆ ಮೊದಲು ಹಿಡಿಯುವುದು ಕ್ಯಾಲಿಪರ್ ಜಾರುವ ಪಿನ್ನು. ಮಳೆಗಾಲ ಮುಗಿದ ಮೇಲೆ ಬಿಚ್ಚಿ, ಒರೆಸಿ, ಬ್ರೇಕಿಗೇ ಅಂತ ಸಿಗುವ ಸಿಲಿಕೋನ್ ಗ್ರೀಸ್ ಹಾಕಿ. ಒಂದು ಬದಿಯ ಪ್ಯಾಡ್ ಸವೆದು ಇನ್ನೊಂದು ಹೊಸದರ ಹಾಗಿದ್ದರೆ ಪಿನ್ನು ಹಿಡಿದಿದೆ ಅಂತಲೇ ಲೆಕ್ಕ.

ಅದಕ್ಕಿಂತ ದೊಡ್ಡ ಚಿಂತೆ ಆಯಿಲ್ಲಿನದ್ದು. ಬ್ರೇಕ್ ಆಯಿಲ್ಲಿನ ದರ್ಜೆಗಳಾದ ಡಾಟ್ 3, ಡಾಟ್ 4 ಎರಡೂ ಗಾಳಿಯ ತೇವ ಕುಡಿಯುತ್ತವೆ, ನಮ್ಮ ಕರಾವಳಿಯಲ್ಲಿ ತೇವಕ್ಕೆ ಬರವಾ? ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ತೇವ ಕುಡಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230, ತೇವ ಕುಡಿದ ಮೇಲೆ 155. ಡಾಟ್ 4 ಹಾಕಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಘಟ್ಟ ಹತ್ತಿ ಇಳಿಯುವವರು ವರ್ಷಕ್ಕೊಮ್ಮೆ. ಬಾಟಲಿಯಲ್ಲಿ ಅರ್ಧ ಉಳಿದದ್ದನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡಿ. ಒಂದು ಅಂಗಡಿಯಲ್ಲಿ ನನಗೆ ಸೀಲ್ ಒಡೆದ ಬಾಟಲಿಯನ್ನೇ ಒರೆಸಿ ಕೊಟ್ಟಿದ್ದರು, ಆವತ್ತಿನಿಂದ ಮುಚ್ಚಳ ನೋಡದೆ ದುಡ್ಡು ಕೊಡುವುದಿಲ್ಲ. ಡಾಟ್ 5 ಸಿಲಿಕೋನಿನದು, ಇವುಗಳ ಜೊತೆ ಬೆರೆಸಬಾರದು. ಎಂಜಿನ್ ಆಯಿಲ್, ಸೀಮೆಎಣ್ಣೆ ಒಂದು ಚಮಚ ಬಿದ್ದರೂ ರಬ್ಬರೆಲ್ಲ ಊದಿಕೊಳ್ಳುತ್ತದೆ.

ಪ್ರಶ್ನೆ: ಯಲ್ಲಾಪುರದಿಂದ ಅರಬೈಲ್ ಘಟ್ಟ ಇಳಿಯುವಾಗ ನಮ್ಮ ಡ್ರೈವರ್ ಎಂಜಿನ್ ಆಫ್ ಮಾಡುತ್ತಾನೆ. ಡೀಸೆಲ್ ಉಳಿಯುತ್ತದಾ?

ಉತ್ತರ: ಈಗಿನ ಗಾಡಿಯಲ್ಲಿ ಗೇರಿನಲ್ಲೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ನಿಗೆ ಹೋಗುವ ಡೀಸೆಲ್ ತಾನಾಗಿಯೇ ನಿಲ್ಲುತ್ತದೆ. ಅವನು ಉಳಿಸುವುದು ಏನೂ ಇಲ್ಲ. ಎಂಜಿನ್ ಆಫ್ ಆದರೆ ಬ್ರೇಕ್ ಬೂಸ್ಟರ್ ಎರಡು ಮೂರು ಸಲ ಒತ್ತುವಷ್ಟು ಮಾತ್ರ ಸಹಾಯ ಮಾಡುತ್ತದೆ, ಆಮೇಲೆ ಪೆಡಲ್ ಮರದ ದಿಮ್ಮಿ. ಸ್ಟೇರಿಂಗ್ ಭಾರ ಆಗುತ್ತದೆ. ಕೀ ಒಂದು ಸುತ್ತು ಜಾಸ್ತಿ ತಿರುಗಿ ಹೊರಗೆ ಬಂದರೆ ಸ್ಟೇರಿಂಗ್ ಲಾಕ್ ಆಗುತ್ತದೆ, ಅದೂ ತಿರುವಿನಲ್ಲಿ. ಕೀ ಗೊಂಚಲನ್ನು ಈವತ್ತೇ ನಿಮ್ಮ ಹತ್ತಿರ ತೆಗೆದುಕೊಂಡು, ಅವನ ಜೊತೆ ಒಂದು ಸಲ ನೀವೇ ಪಕ್ಕದಲ್ಲಿ ಕೂತು ಎರಡನೇ ಗೇರಿನಲ್ಲಿ ಇಳಿಸಿ ತೋರಿಸಿ.